ಬಾವುಟಗುಡ್ಡೆಯಲ್ಲಿ ಗೊನ್ಜಾಗ ಮನೆತನ

ಕೊಯಿಲ, ಕಡಬದ ಕಡೆಯವರು ಇಟಲಿಯ ಭಿತ್ತಿಚಿತ್ರ ನೋಡಬೇಕೆಂದರೆ ಉಪ್ಪಿನಂಗಡಿ ದಾರಿಯಾಗಿ ಮಂಗಳೂರಿಗೆ ಬಂದು, ಬಾವುಟಗುಡ್ಡೆಯ ಸಂತ ಅಲೋಶಿಯಸ್ ಚಾಪೆಲ್ ಹೊಕ್ಕು ತಲೆಯೆತ್ತಿದರೆ ಸಾಕು. ಇವನ್ನು ಬರೆದವರು ಯೇಸುಸಭೆಯ ಬ್ರದರ್ ಆಂಟೋನಿಯೊ ಮೊಸ್ಕೇನಿ. ಬೆರ್ಗಾಮೊ ಪಟ್ಟಣದ ಪಕ್ಕದ ಸ್ಟೆಜಾನೊದಲ್ಲಿ 1854ರಲ್ಲಿ ಹುಟ್ಟಿದ ಅವರು 19ನೇ ಶತಮಾನದ ಕೊನೆಗೆ ಇಲ್ಲಿಗೆ ಬಂದು, ಎರಡು ವರ್ಷಗಳ ಆಸುಪಾಸಿನಲ್ಲಿ ಗೋಡೆ, ಮಾಡು ಎರಡನ್ನೂ ಬಣ್ಣದಿಂದ ತುಂಬಿಸಿದರು.

ಗೋಡೆಯ ಕೆಲಸ ಫ್ರೆಸ್ಕೊ. ಸುಣ್ಣದ ಗಾರೆ ಹಸಿಯಾಗಿರುವಾಗಲೇ ಬಣ್ಣ ಹಚ್ಚಬೇಕು. ಒಣಗಿತೆಂದರೆ ಆ ಭಾಗವನ್ನು ಕೆತ್ತಿ ತೆಗೆದು ಮತ್ತೆ ಗಾರೆ ಮಾಡುವುದೊಂದೇ ದಾರಿ. ಇಟಲಿಯ ಪುನರುಜ್ಜೀವನ ಕಾಲದ ಕಲಾವಿದರು ನೆಚ್ಚಿಕೊಂಡಿದ್ದ ವಿಧಾನ ಇದೇ. ಇನ್ನು ಚಿತ್ರಗಳ ನಾಯಕನಂತೂ ಆ ಕಾಲದವನೇ: 1568ರಲ್ಲಿ ಕಾಸ್ಟಿಲ್ಯೋನೆಯ ಒಡೆಯನ ಹಿರಿಮಗನಾಗಿ ಹುಟ್ಟಿದ ಅಲೋಶಿಯಸ್ ಗೊನ್ಜಾಗ.

ಈ ಮನೆತನದ ದೌಲತ್ತು ಎಂಥದ್ದೆಂದು ತಿಳಿಯಲು ಮಾಂಟುವಾ ನಗರದ ಕೋಟೆಯೊಳಗಿನ ಒಂದು ಕೋಣೆಯನ್ನು ನೋಡಬೇಕು. ಆಂಡ್ರಿಯಾ ಮಾಂಟೆನ್ಯಾ 1465ರಿಂದ 1474ರವರೆಗೆ ಅಲ್ಲಿ ಚಿತ್ರ ಬರೆದ. ದೊರೆ ಲುಡೊವಿಕೊ ಕೈಯಲ್ಲಿ ಕಾಗದ ಹಿಡಿದು ಕುರ್ಚಿಯಲ್ಲಿ ಕುಳಿತಿದ್ದಾನೆ, ಕುರ್ಚಿಯಡಿ ಅವನ ನಾಯಿ ಮಲಗಿದೆ. ಪಕ್ಕದಲ್ಲಿ ರಾಣಿ ಬಾರ್ಬರಾ, ಸುತ್ತ ಮಕ್ಕಳು, ಆಸ್ಥಾನಿಕರು. ಇವರ ನಡುವೆ ಒಬ್ಬ ಕುಬ್ಜ ಹೆಂಗಸು ನೋಡುಗರನ್ನೇ ನೇರವಾಗಿ ದಿಟ್ಟಿಸುತ್ತಾಳೆ. ದೇವರಿಲ್ಲ, ಸಂತರಿಲ್ಲ, ಒಂದು ಕುಟುಂಬ ತನ್ನ ಅಧಿಕಾರವನ್ನೇ ಗೋಡೆಯ ಮೇಲೆ ಬರೆಸಿಕೊಂಡಿದೆ. ಹಣ ಕೊಡುವವನ ಮಾತು ಆಗ ಅಷ್ಟು ನಡೆಯುತ್ತಿತ್ತು. 1485ರಲ್ಲಿ ಫ್ಲಾರೆನ್ಸಿನ ಅನಾಥಾಲಯವೊಂದು ಕಲಾವಿದ ಘಿರ್ಲಾಂಡಾಯೊ ಜತೆ ಮಾಡಿಕೊಂಡ ಕರಾರಿನಲ್ಲಿ, ನೀಲಿ ಬಣ್ಣ ಔನ್ಸಿಗೆ ಸುಮಾರು 4 ಫ್ಲೋರಿನ್ ಬೆಲೆಯದ್ದೇ ಆಗಿರಬೇಕೆಂದು ಬರೆಯಲಾಗಿತ್ತು. ಆ ನೀಲಿಯ ಕಲ್ಲು ಬರುತ್ತಿದ್ದದ್ದು ಅಫ್ಘಾನಿಸ್ತಾನದಿಂದ.

ಅಲೋಶಿಯಸ್ ಈ ಲುಡೊವಿಕೊನ ಮಗ ರೊಡಾಲ್ಫೊನ ಮರಿಮಗ. ಸ್ಪೇನಿನ ದೊರೆ ಎರಡನೇ ಫಿಲಿಪ್‌ನ ಆಸ್ಥಾನದಲ್ಲೂ ಬೆಳೆದ ಹುಡುಗ, 1585ರಲ್ಲಿ ಅದೇ ಮಾಂಟುವಾದಲ್ಲಿ ತನ್ನ ಹಕ್ಕನ್ನೆಲ್ಲ ತಮ್ಮನಿಗೆ ಬರೆದುಕೊಟ್ಟು ಯೇಸುಸಭೆ ಸೇರಿದ. ರೋಮಿನಲ್ಲಿ ಪಿಡುಗಿನ ರೋಗಿಗಳ ಆರೈಕೆ ಮಾಡುತ್ತಾ ತಾನೂ ಹಾಸಿಗೆ ಹಿಡಿದು, 1591ರಲ್ಲಿ 23ನೇ ವಯಸ್ಸಿಗೆ ತೀರಿಕೊಂಡ. ಮೊಸ್ಕೇನಿ ಮಂಗಳೂರಿನಲ್ಲಿ ಬರೆದದ್ದು ಈ ಬದುಕನ್ನು. ಮಾಂಟೆನ್ಯಾನ ಕೋಣೆಯಲ್ಲಿ ಸಿಗದ ರೋಗಿಗಳು, ದಿಕ್ಕಿಲ್ಲದವರು ಇಲ್ಲಿ ಚಿತ್ರದ ನಡುವಿಗೇ ಬಂದಿದ್ದಾರೆ. ಈ ಚಾಪೆಲ್‌ನ ನಿಜವಾದ ಹಿರಿಮೆ ಬಣ್ಣದ ಸೊಗಸಿಗಿಂತ ಇದರಲ್ಲೇ ಇದೆ.

ಇಲ್ಲಿ ಚಿತ್ರ ಬರೆಸಿದ್ದೂ ಅರಮನೆಯಲ್ಲ, 1880ರಲ್ಲಿ ಕಾಲೇಜು ಆರಂಭಿಸಿದ ಪಾದ್ರಿಗಳು. ನೋಡುವವರು ವಿದ್ಯಾರ್ಥಿಗಳೆಂಬುದು ಅವರಿಗೆ ಗೊತ್ತಿತ್ತು. ಹಿಂಬದಿ ಗೋಡೆಗೆ ಅವರು ಬರೆಸಿದ್ದು ಮಕ್ಕಳ ಗೆಳೆಯನಾದ ಯೇಸುವಿನ ಚಿತ್ರ.