ಬೆಳಕನ್ನು ಕಾಣುವ ತುದಿ

ನವರಾತ್ರಿಯಲ್ಲಿ ಘಟ ಸ್ಥಾಪಿಸುವ ಮನೆಯವರು ಇದನ್ನು ಕಂಡೇ ಇರುತ್ತಾರೆ. ದೇವರ ಕೋಣೆಯ ಮಬ್ಬಿನಲ್ಲಿ ಬಿತ್ತಿದ ಕಾಳು ಒಂಬತ್ತು ದಿನದೊಳಗೆ ಉದ್ದಕ್ಕೆ ಏಳುತ್ತದೆ. ಆದರೆ ಬಣ್ಣ ಹಸಿರಲ್ಲ, ಹಳದಿ. ಬೆಳಕಿಲ್ಲದೆ ಪತ್ರಹರಿತ್ತು ಹುಟ್ಟುವುದಿಲ್ಲ. ಕಾಳಿನಲ್ಲಿದ್ದ ಸತ್ವವನ್ನೆಲ್ಲ ಸಸಿ ಉದ್ದ ಬೆಳೆಯುವುದಕ್ಕೇ ಸುರಿಯುತ್ತದೆ. ಬೆಳಕು ಬಾಗಿಲಿನಿಂದ ಮಾತ್ರ ಬರುವಂತಿದ್ದರೆ ಸಸಿಗಳೆಲ್ಲ ಬಾಗಿಲಿನತ್ತಲೇ ಬಾಗುತ್ತವೆ.

ಏಕೆ ಬಾಗುತ್ತವೆ? ಈ ಪ್ರಶ್ನೆಯನ್ನು ಪಟ್ಟುಹಿಡಿದು ಕೇಳಿದವರು ವಿಕಾಸವಾದದ ಚಾರ್ಲ್ಸ್ ಡಾರ್ವಿನ್. ಇಂಗ್ಲೆಂಡಿನ ಕೆಂಟ್ ಪ್ರಾಂತದ ಡೌನ್ ಎಂಬ ಹಳ್ಳಿಯ ಮನೆಯಲ್ಲಿ, ಮಗ ಫ್ರಾನ್ಸಿಸ್ ಜೊತೆ ಸೇರಿ ಅವರು ಹುಲ್ಲಿನ ಸಸಿಗಳನ್ನು ಬೆಳೆಸಿದರು. ಕ್ಯಾನರಿ ಹಕ್ಕಿಗೆ ಹಾಕುವ ಕಾಳಿನ ಹುಲ್ಲದು. ಅದರ ಮೊದಲ ಎಲೆಯನ್ನು ಕೊಳವೆಯಂಥ ಪೊರೆಯೊಂದು ಸುತ್ತಿಕೊಂಡಿರುತ್ತದೆ. ಬೆಳಕಿನೆಡೆಗೆ ಬಾಗುವುದು ಈ ಪೊರೆಯೇ.

ಅಪ್ಪ-ಮಗ ಮಾಡಿದ್ದು ಮಕ್ಕಳಾಟದಂಥ ಕೆಲಸ. ಕೆಲವು ಸಸಿಗಳ ತುದಿಗೆ ತವರದ ತೆಳು ಹಾಳೆಯ ಟೋಪಿ ತೊಡಿಸಿದರು. ಅವು ಬಾಗಲಿಲ್ಲ. ಟೋಪಿಯ ಭಾರಕ್ಕೆ ಹೀಗಾಗಿರಬಹುದೇ? ಪಾರದರ್ಶಕ ಗಾಜಿನ ಟೋಪಿ ಹಾಕಿ ನೋಡಿದರು, ಸಸಿ ಬಾಗಿತು. ಬುಡವನ್ನು ಕಪ್ಪು ಮರಳಿನಲ್ಲಿ ಹೂತು ತುದಿಯನ್ನಷ್ಟೇ ಹೊರಗೆ ಬಿಟ್ಟಾಗಲೂ ಬಾಗಿತು. ಬೆಳಕು ಬಿದ್ದದ್ದು ತುದಿಗೆ, ಬಾಗಿದ್ದು ಕೆಳಭಾಗ! ಹಾಗಾದರೆ ಮೇಲಿನಿಂದ ಕೆಳಕ್ಕೆ ಏನೋ ಒಂದು ಸಂದೇಶ ಇಳಿಯುತ್ತಿರಬೇಕು ಎಂದು 1880ರ ಪುಸ್ತಕದಲ್ಲಿ ಡಾರ್ವಿನ್ ಬರೆದರು. ಆಗ ಅವರಿಗೆ 71 ವರ್ಷ.

ವಿಯೆನ್ನಾದ ಸಸ್ಯವಿಜ್ಞಾನಿ ವೀಸ್ನರ್ ಇದನ್ನು ಒಪ್ಪಲಿಲ್ಲ. ಅದೇ ಪುಸ್ತಕದಲ್ಲಿದ್ದ ಬೇರಿನ ತುದಿಯ ಪ್ರಯೋಗಗಳನ್ನು ಜರ್ಮನಿಯ ಯೂಲಿಯಸ್ ಸಾಕ್ಸ್ ಕಳಪೆಯೆಂದು ತಳ್ಳಿಹಾಕಿದರು. ಫ್ರಾನ್ಸಿಸ್ ಹಿಂದೆ ಕೆಲಸ ಕಲಿತದ್ದು ಇದೇ ಸಾಕ್ಸರ ಪ್ರಯೋಗಾಲಯದಲ್ಲಿ! ದೊಡ್ಡ ಪ್ರಯೋಗಾಲಯದವರಿಗೆ ಹಳ್ಳಿಮನೆಯ ಪ್ರಯೋಗ ಹಗುರವಾಗಿ ಕಂಡಿರಲೂಬಹುದು. ವಾದ ತೀರುವ ಮೊದಲೇ, 1882ರಲ್ಲಿ, ಡಾರ್ವಿನ್ ತೀರಿಕೊಂಡರು.

ತುದಿಯ ಪರವಾದ ಸಾಕ್ಷಿ ಒದಗಿದ್ದು ಮುಂದಿನ ಶತಮಾನದಲ್ಲಿ. ಡೆನ್ಮಾರ್ಕಿನ ಬಾಯ್ಸನ್ ಯೆನ್ಸನ್ ಸಸಿಯ ತುದಿ ಕತ್ತರಿಸಿ, ನಡುವೆ ಜಿಲಾಟಿನ್ ಇಟ್ಟು ಮತ್ತೆ ಕೂರಿಸಿದರು. ಆಗಲೂ ಸಸಿ ಬಾಗಿತು. ಸಂದೇಶ ಜಿಲಾಟಿನ್ ದಾಟಿತ್ತು. 1926ರಲ್ಲಿ ಹಾಲೆಂಡಿನ ಉಟ್ರೆಕ್ಟ್‌ನಲ್ಲಿ, ತಂದೆ ಮುಖ್ಯಸ್ಥರಾಗಿದ್ದ ಪ್ರಯೋಗಾಲಯದಲ್ಲೇ ದುಡಿಯುತ್ತಿದ್ದ ತರುಣ ಫ್ರಿಟ್ಸ್ ವೆಂಟ್, ಓಟ್ಸ್ ಸಸಿಯ ತುದಿಯ ರಸವನ್ನು ಅಗರ್ ಎಂಬ ಪಾಚಿಯ ಅಂಟಿನ ತುಂಡಿಗೆ ಇಳಿಸಿಕೊಂಡರು. ಆ ತುಂಡನ್ನು ತುದಿಯಿಲ್ಲದ ಸಸಿಯ ಒಂದು ಪಕ್ಕಕ್ಕೆ ಇಟ್ಟಾಗ ಕತ್ತಲಲ್ಲೂ ಸಸಿ ಬಾಗಿತು.

ಆ ರಸದಲ್ಲಿದ್ದ ಪದಾರ್ಥಕ್ಕೆ ಮುಂದೆ ಆಕ್ಸಿನ್ ಎಂದು ಹೆಸರಾಯಿತು. ಬೆಳಕು ಒಂದೇ ಕಡೆಯಿಂದ ಬಿದ್ದಾಗ ಇದು ನೆರಳಿನ ಪಕ್ಕಕ್ಕೆ ಹೆಚ್ಚು ಸೇರುತ್ತದೆ. ಅಲ್ಲಿನ ಜೀವಕೋಶಗಳು ಹೆಚ್ಚು ಉದ್ದ ಬೆಳೆದು ಸಸಿಯನ್ನು ಬೆಳಕಿನತ್ತ ತಳ್ಳುತ್ತವೆ. ಅಂದರೆ ಸಸಿಯನ್ನು ಬಾಗಿಸುವುದು ನೆರಳಿನ ಪಕ್ಕ!

ಗದ್ದೆಯಲ್ಲಿ ಅಗಲ ಎಲೆಯ ಕಳೆ ಕೊಲ್ಲಲು ಸಿಂಪಡಿಸುವ 2,4-ಡಿ ಆಕ್ಸಿನ್‌ನಂತೆಯೇ ವರ್ತಿಸುವ ಕೃತಕ ರಾಸಾಯನಿಕ. ನರ್ಸರಿಯವರು ಕಡ್ಡಿ ನೆಡುವ ಮುನ್ನ ಬೇರು ಬರಲೆಂದು ಬುಡಕ್ಕೆ ಹಚ್ಚುವ ಪುಡಿಯಲ್ಲಿರುವುದೂ ಇದೇ ಬಳಗದ್ದು.