ಸ್ಕೋಪ್ ಹಾಕಿದರೆ ಗುಂಡು ನೇರ ಹೋಗುತ್ತದೆಯೇ? ಒಂಟಿ ಗುಂಡಿನ ಹಳೆ ಮಾದರಿ ರೈಫಲ್ ಮತ್ತು ಪುಟ್ಟ ದುರ್ಬೀನಿನ ವಿಜ್ಞಾನ

ಸಿನಿಮಾದಲ್ಲಿ ನಾವೆಲ್ಲ ನೋಡಿದ ದೃಶ್ಯ ಇದು. ನಾಯಕ ರೈಫಲ್ ಎತ್ತಿ ಅದರ ಮೇಲಿನ ದುರ್ಬೀನಿಗೆ ಕಣ್ಣಿಡುತ್ತಾನೆ. ಅಡ್ಡ ಗೆರೆ, ಉದ್ದ ಗೆರೆ ಸೇರುವ ಜಾಗಕ್ಕೆ ಗುರಿ ಬಂದು ನಿಲ್ಲುತ್ತದೆ. ಢಂ! ಗುಂಡು ಸರಿಯಾಗಿ ಅಲ್ಲಿಗೇ ಬೀಳುತ್ತದೆ.

ಇದನ್ನೇ ನೋಡಿ ನೋಡಿ ಕೆಲವು ನಂಬಿಕೆಗಳು ಬೇರೂರಿವೆ. ಸ್ಕೋಪ್ ಹಾಕಿದರೆ ಗುಂಡು ನೇರವಾಗಿ ಹೋಗುತ್ತದೆ, ಹೆಚ್ಚು ದೂರ ಹೋಗುತ್ತದೆ, ಜೂಮ್ ಎಷ್ಟು ಜಾಸ್ತಿಯೋ ಗುರಿ ಅಷ್ಟು ಪಕ್ಕಾ, ತಂದು ಸ್ಕ್ರೂ ಬಿಗಿದರೆ ಕೆಲಸ ಮುಗಿಯಿತು... ಇವುಗಳಲ್ಲಿ ಎಷ್ಟು ನಿಜ? ಬನ್ನಿ, ಒಂದೊಂದಾಗಿ ನೋಡೋಣ.

ಸಂಕ್ಷಿಪ್ತ ಉತ್ತರ

ಸ್ಕೋಪ್ ಗುಂಡಿಗೆ ಏನನ್ನೂ ಮಾಡುವುದಿಲ್ಲ. ಗುಂಡಿನ ವೇಗ, ದಾರಿ, ದೂರ ಯಾವುದೂ ಬದಲಾಗುವುದಿಲ್ಲ. ಅದು ಸಹಾಯ ಮಾಡುವುದು ನಮ್ಮ ಕಣ್ಣಿಗೆ ಮಾತ್ರ. ಆ ಸಹಾಯವೂ ಸಿಗಬೇಕಾದರೆ ಸ್ಕೋಪ್ ಸರಿಯಾದ ಜಾಗದಲ್ಲಿ, ಸರಿಯಾದ ಎತ್ತರದಲ್ಲಿ ಕೂತಿರಬೇಕು. ಕೂರಿಸಿದ ಮೇಲೆ ಗುರಿಗೆ ಹೊಂದಿಸಿರಬೇಕು.

ಒಂಟಿ ಗುಂಡಿನ ರೈಫಲ್ ಅಂದರೆ ಯಾವುದು?

ಜಾತ್ರೆಯಲ್ಲಿ ಬಲೂನು ಹೊಡೆಯುವ ಏರ್‌ಗನ್ ನೆನಪಿದೆಯಲ್ಲ? ಪ್ರತಿ ಸಲ ನಳಿಕೆ ಬಗ್ಗಿಸಿ ಒಂದೇ ಒಂದು ಪೆಲೆಟ್ ಹಾಕಬೇಕು. ಒಂಟಿ ಗುಂಡಿನ ರೈಫಲ್‌ನ ರೀತಿಯೂ ಅದೇ. ತೋಟಾಗಳನ್ನು ಕೂಡಿಡುವ ಮ್ಯಾಗಜೀನ್ ಇರುವುದಿಲ್ಲ. ಒಂದು ತೋಟಾ ಹಾಕಿ ಹೊಡೆದು, ಖಾಲಿ ಕೋಶ ತೆಗೆದು, ಮತ್ತೊಂದು ಹಾಕಬೇಕು.

ಅಮೆರಿಕದಲ್ಲಿ ಇಂಥ ರೈಫಲ್‌ಗಳಿಗೆ ದೊಡ್ಡ ಅಭಿಮಾನಿ ಬಳಗವಿದೆ. ಜಾನ್ ಬ್ರೌನಿಂಗ್ 1879ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವನ್ನು ವಿಂಚೆಸ್ಟರ್ ಕಂಪನಿ ಕೊಂಡು, ಮಾಡೆಲ್ 1885 ಎಂಬ ಹೆಸರಿನಲ್ಲಿ ಮಾರಿತು. 1967ರಲ್ಲಿ ರುಗರ್ ಕಂಪನಿ ಅದೇ ಪರಂಪರೆಯ ನಂಬರ್ 1 ಎಂಬ ರೈಫಲ್ ತಂದಿತು. ಎರಡರಲ್ಲೂ ಕೆಳಗಿನ ಲಿವರ್ ಒತ್ತಿದರೆ ನಳಿಕೆಯ ಹಿಂಬಾಯಿ ಮುಚ್ಚಿರುವ ಉಕ್ಕಿನ ತುಂಡು ಕೆಳಗಿಳಿಯುತ್ತದೆ. ಹಿಂದೆ ಮುಂದೆ ಸರಿಯುವ ಉದ್ದದ ಬೋಲ್ಟ್ ಇಲ್ಲದ ಕಾರಣ ಅಷ್ಟೇ ಉದ್ದದ ನಳಿಕೆಯಿದ್ದರೂ ಇಡೀ ರೈಫಲ್ ಸುಮಾರು 10 ಸೆಂ.ಮೀ. ಗಿಡ್ಡ.

ಇಂಥ ರೈಫಲ್ ಹಿಡಿದವರಿಗೆ ಎರಡನೇ ಅವಕಾಶ ಬೇಗ ಸಿಗುವುದಿಲ್ಲ. ಆದ್ದರಿಂದ ಮೊದಲ ಗುಂಡೇ ಸರಿಯಾಗಬೇಕು. ಸ್ಕೋಪ್ ಬಗ್ಗೆ ತಪ್ಪು ನಂಬಿಕೆ ಇದ್ದರೆ ಅದರ ಬೆಲೆ ಇಲ್ಲಿ ಜಾಸ್ತಿ.

ನಂಬಿಕೆ 1: ಸ್ಕೋಪ್ ಗುಂಡನ್ನು ನೇರ ಮಾಡುತ್ತದೆ

ತಪ್ಪು. ಸ್ಕೋಪ್ ನಿಜವಾಗಿ ಏನು ಮಾಡುತ್ತದೆ ಎಂದು ತಿಳಿಯಲು ಈಗಲೇ ಒಂದು ಪ್ರಯೋಗ ಮಾಡಿ. ಕೈ ಮುಂದೆ ಚಾಚಿ ಹೆಬ್ಬೆರಳು ಎತ್ತಿ. ಒಂದು ಕಣ್ಣು ಮುಚ್ಚಿ, ದೂರದ ಕರೆಂಟ್ ಕಂಬದ ಜೊತೆ ಹೆಬ್ಬೆರಳನ್ನು ಒಂದೇ ಸಾಲಿಗೆ ತನ್ನಿ. ಬೆರಳು ಸ್ಪಷ್ಟವಾಗಿ ಕಂಡರೆ ಕಂಬ ಮಸುಕು. ಕಂಬ ಸ್ಪಷ್ಟವಾದರೆ ಬೆರಳು ಮಸುಕು. ನಮ್ಮ ಕಣ್ಣು ಒಂದು ಹೊತ್ತಿಗೆ ಒಂದು ದೂರಕ್ಕೆ ಮಾತ್ರ ಫೋಕಸ್ ಮಾಡಬಲ್ಲದು.

ಸಾದಾ ರೈಫಲ್‌ನಲ್ಲಿ ಮೂರು ವಸ್ತುಗಳನ್ನು ಸಾಲಿಗೆ ತರಬೇಕು: ಕಣ್ಣಿನ ಹತ್ತಿರದ ಕಚ್ಚು, ನಳಿಕೆಯ ತುದಿಯ ಕಡ್ಡಿ, ದೂರದ ಗುರಿ. ಚಿಕ್ಕ ವಯಸ್ಸಿನ ಕಣ್ಣು ಇವುಗಳ ನಡುವೆ ಸರಸರನೆ ಫೋಕಸ್ ಬದಲಿಸುತ್ತದೆ. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಗಡುಸಾಗುತ್ತದೆ. ಪೇಪರ್ ಓದಲು ಚಾಳೀಸು ಬೇಕಾಗುವುದೂ ಇದೇ ಕಾರಣಕ್ಕೆ. ಆಗ ಹತ್ತಿರದ ಕಚ್ಚು ಮಂಜು ಮಂಜಾಗಿ ಕಾಣುತ್ತದೆ.

ಸ್ಕೋಪ್‌ನ ಒಳಗೆ ಗುರಿಯ ಬಿಂಬ ಮತ್ತು ಗೆರೆಗಳು ಕಣ್ಣಿಗೆ ಒಂದೇ ದೂರದಲ್ಲಿರುವಂತೆ ಕಾಣುತ್ತವೆ. ಮೂರು ಕಡೆ ನೋಡುವ ಕಷ್ಟ ತಪ್ಪುತ್ತದೆ. ಹಳೆ ಮಾದರಿ ರೈಫಲ್ ಪ್ರಿಯರಲ್ಲಿ ಹಲವರು, ಅದರ ಅಂದ ಸ್ವಲ್ಪ ಕೆಟ್ಟರೂ ಪರವಾಗಿಲ್ಲ ಎಂದು ಪುಟ್ಟ ಸ್ಕೋಪ್ ಹಾಕಿಸುವುದು ಇದಕ್ಕೇ.

ನಂಬಿಕೆ 2: ಜೂಮ್ ಜಾಸ್ತಿ ಇದ್ದಷ್ಟೂ ಒಳ್ಳೆಯದು

ಇದನ್ನು ಪರೀಕ್ಷಿಸಲು ನಿಮ್ಮ ಕೈಯಲ್ಲಿರುವ ಫೋನ್ ಸಾಕು. ಕ್ಯಾಮೆರಾ ತೆರೆದು 2 ಪಟ್ಟು ಜೂಮ್ ಮಾಡಿ ದೂರದ ಬೋರ್ಡ್ ನೋಡಿ. ಚಿತ್ರ ನಿಂತಿರುತ್ತದೆ. ಈಗ 10 ಪಟ್ಟು ಮಾಡಿ. ಬೋರ್ಡ್ ಕುಣಿಯುತ್ತದೆ, ಒಮ್ಮೆ ಕೈ ಜಾರಿದರೆ ಮತ್ತೆ ಹುಡುಕಬೇಕು. ಕೈ ನಡುಕ ಮೊದಲೂ ಇತ್ತು, ಜೂಮ್ ಅದನ್ನೂ ದೊಡ್ಡದು ಮಾಡಿ ತೋರಿಸಿತು.

ಸ್ಕೋಪ್‌ನಲ್ಲೂ ಹೀಗೇ. 2.5 ಪಟ್ಟಿನ ಸ್ಕೋಪ್‌ನಲ್ಲಿ 100 ಮೀಟರ್ ದೂರದ ವಸ್ತು 40 ಮೀಟರ್‌ನಲ್ಲಿ ಇರುವಷ್ಟು ದೊಡ್ಡದಾಗಿ ಕಾಣುತ್ತದೆ. ಆ ದೂರದಲ್ಲಿ ಸುಮಾರು 12 ಮೀಟರ್ ಅಗಲದ ಜಾಗ ಒಟ್ಟಿಗೆ ಕಾಣುತ್ತದೆ. 9 ಪಟ್ಟಿನದರಲ್ಲಿ ಕಾಣುವುದು 4 ಮೀಟರ್ ಆಸುಪಾಸು ಮಾತ್ರ. ಗುರಿಯ ಪಕ್ಕದಲ್ಲಿ, ಹಿಂದೆ ಯಾರಿದ್ದಾರೆ ಎಂಬುದು ತಿಳಿಯುವ ಸಾಧ್ಯತೆ ಕಡಿಮೆಯಾಗುತ್ತದೆ.

ಬೆಳಕಿನ ಲೆಕ್ಕವೂ ಇದೆ. ಮುಂದಿನ ಗಾಜಿನ ಅಗಲವನ್ನು ಪಟ್ಟಿನಿಂದ ಭಾಗಿಸಿ. 20 ಮಿ.ಮೀ. ಗಾಜು, 2.5 ಪಟ್ಟು ಎಂದರೆ 8 ಮಿ.ಮೀ. ಅಗಲದ ಬೆಳಕಿನ ಕೋಲು ಕಣ್ಣಿಗೆ ಬರುತ್ತದೆ. ಕತ್ತಲಲ್ಲಿ ನಮ್ಮ ಪಾಪೆ ಹಿಗ್ಗುವುದೇ ಹೆಚ್ಚೆಂದರೆ 7 ಮಿ.ಮೀ.ನಷ್ಟು. ಅಂದರೆ ಆ ಪುಟ್ಟ ಗಾಜೇ ಕಣ್ಣು ತುಂಬುವಷ್ಟು ಬೆಳಕು ಕೊಡುತ್ತದೆ. ಅದೇ ಗಾಜಿಗೆ 10 ಪಟ್ಟು ಜೂಮ್ ಕೊಟ್ಟರೆ ಸಿಗುವುದು 2 ಮಿ.ಮೀ. ಕೋಲು, ಮುಸ್ಸಂಜೆಯಲ್ಲಿ ಚಿತ್ರ ಕಪ್ಪಿಡುತ್ತದೆ.

ನಂಬಿಕೆ 3: ಯಾವ ಸ್ಕೋಪ್ ಆದರೂ ಯಾವ ರೈಫಲ್‌ಗಾದರೂ ಕೂರುತ್ತದೆ

ನಿಜವಾದ ತಲೆನೋವು ಇರುವುದು ಇಲ್ಲಿ. ಸ್ಕೋಪ್‌ಗೆ ಕಣ್ಣು ತಾಗಿಸಿ ನೋಡುವುದಿಲ್ಲ. ಸಾಮಾನ್ಯವಾಗಿ 8ರಿಂದ 10 ಸೆಂ.ಮೀ. ಹಿಂದೆ ಕಣ್ಣಿಟ್ಟರೆ ಮಾತ್ರ ಪೂರ್ತಿ ಚಿತ್ರ ಕಾಣುತ್ತದೆ. ಅದಕ್ಕಿಂತ ದೂರ ಹೋದರೆ ಸುತ್ತ ಕಪ್ಪು ಉಂಗುರ ಕಾಣಿಸುತ್ತದೆ.

ರುಗರ್ ನಂಬರ್ 1ರಲ್ಲಿ ಸ್ಕೋಪ್ ಹಿಡಿಯುವ ರಿಂಗ್‌ಗಳು ಕೂರುವುದು ನಳಿಕೆಯ ಮೇಲಿನ ಗಿಡ್ಡ ಪಟ್ಟಿಯ ಮೇಲೆ. ಹಾಗಾಗಿ ಸ್ಕೋಪ್ ಬೇಕಾದ್ದಕ್ಕಿಂತ ಮುಂದೆ ನಿಲ್ಲುತ್ತದೆ. ನೋಡುವವರು ಕತ್ತು ಚಾಚಬೇಕಾಗುತ್ತದೆ. ಪರಿಹಾರ ಎರಡು. ಒಂದು, ಕಣ್ಣಿನ ಅಂತರ ಹೆಚ್ಚಿರುವ, ಕೊಳವೆ ಉದ್ದವಿರುವ ಸ್ಕೋಪ್ ಆರಿಸುವುದು. ಇನ್ನೊಂದು, ಬುಡ ಮುಂದಿದ್ದು ಬಳೆ ಹಿಂದಕ್ಕೆ ವಾಲಿರುವ ವಿಶೇಷ ರಿಂಗ್ ಬಳಸುವುದು. ಕೊಳವೆ ತೀರಾ ಗಿಡ್ಡವಿರುವ ಇಂದಿನ ಸ್ಕೋಪ್‌ಗಳು ಎಷ್ಟೇ ದುಬಾರಿಯಾದರೂ ಇದಕ್ಕೆ ಹೊಂದುವುದು ಕಷ್ಟ.

ವಿಂಚೆಸ್ಟರ್ 1885ರ ಸಮಸ್ಯೆ ಬೇರೆ. ಅದರ ಹ್ಯಾಮರ್ ಹೊರಗೆ ಇದೆ, ಹೆಬ್ಬೆರಳಿನಿಂದ ಹಿಂದಕ್ಕೆ ಎಳೆಯಬೇಕು. ಸ್ಕೋಪ್‌ನ ಹಿಂಭಾಗ ಅದರ ಮೇಲೆ ಚಾಚಿಕೊಂಡರೆ ಬೆರಳಿಗೆ ಜಾಗವಿಲ್ಲ. ಜಾರಿದರೆ ಗುಂಡು ಹಾರುವ ಅಪಾಯ. ಅದಕ್ಕೇ ಹ್ಯಾಮರ್‌ಗೆ ಪಕ್ಕಕ್ಕೆ ಚಾಚುವ ಒಂದು ಪುಟ್ಟ ತುಂಡು ಜೋಡಿಸುತ್ತಾರೆ.

ಎತ್ತರವೂ ಮುಖ್ಯ. ಹಳೆ ಮಾದರಿಯ ಮರದ ಹಿಡಿಯನ್ನು ಸಾದಾ ಕಚ್ಚಿಗೆ ತಕ್ಕಂತೆ ತಗ್ಗಾಗಿ ಕೆತ್ತಿರುತ್ತಾರೆ. ಸ್ಕೋಪ್ ಎತ್ತರವಾದರೆ ಕೆನ್ನೆ ಮರದ ಮೇಲೆ ಒರಗುವುದಿಲ್ಲ, ತಲೆ ಗಾಳಿಯಲ್ಲಿ ತೇಲುತ್ತದೆ, ಕಣ್ಣು ಪ್ರತಿ ಸಲ ಬೇರೆ ಜಾಗಕ್ಕೆ ಬರುತ್ತದೆ. ಕಡಿಮೆ ಪಟ್ಟಿನ ಸ್ಕೋಪ್‌ನ ಮುಂಭಾಗ ಗಂಟೆಯಂತೆ ಉಬ್ಬಿರುವುದಿಲ್ಲ. ಆದ್ದರಿಂದ ಅದು ನಳಿಕೆಗೆ ಹತ್ತಿರ ಕೂರುತ್ತದೆ. ಹಳೆ ರೈಫಲ್‌ಗೆ ಅದು ಒಪ್ಪುವುದು ಈ ಕಾರಣಕ್ಕೂ ಹೌದು.

ಕೂರಿಸುವಾಗ ಸ್ಕ್ರೂ ಮತ್ತು ರಿಂಗ್‌ಗಳ ಎಣ್ಣೆ ಒರೆಸಬೇಕು, ಗೆರೆ ವಾಲದಂತೆ ನೋಡಬೇಕು. ಬಳೆಯ ಸ್ಕ್ರೂಗಳನ್ನು ತಯಾರಕರು ಹೇಳಿದ ಮಟ್ಟಕ್ಕೆ ಮಾತ್ರ ಬಿಗಿಯಬೇಕು. ಅದು ಸಾಮಾನ್ಯವಾಗಿ 2 ನ್ಯೂಟನ್ ಮೀಟರ್ ಒಳಗೇ ಇರುತ್ತದೆ. ಬಲವಾಗಿ ಬಿಗಿದರೆ ಕೊಳವೆ ನಜ್ಜಾಗುತ್ತದೆ, ಸಡಿಲ ಬಿಟ್ಟರೆ ಒದೆತಕ್ಕೆ ಜಾರುತ್ತದೆ.

ಇನ್ನೊಂದು ಮಾತು. ಹತ್ತೊಂಬತ್ತನೇ ಶತಮಾನದ ಅಸಲಿ ರೈಫಲ್ ಆಗಿದ್ದರೆ ಅದಕ್ಕೆ ಡ್ರಿಲ್ ಹಾಕಬಾರದು. ಒಂದು ತೂತಿನಿಂದ ಅದರ ಚಾರಿತ್ರಿಕ ಬೆಲೆ ಹೋಗುತ್ತದೆ. ನಳಿಕೆಯುದ್ದಕ್ಕೂ ಚಾಚುವ ತೆಳ್ಳನೆಯ ಸ್ಕೋಪ್‌ಗಳನ್ನು ವಿಲಿಯಂ ಮಾಲ್ಕಮ್ ಎಂಬವರು 1855ರಿಂದ ನ್ಯೂಯಾರ್ಕ್ ರಾಜ್ಯದ ಸಿರಾಕ್ಯೂಸ್‌ನಲ್ಲಿ ಮಾಡುತ್ತಿದ್ದರು. ಆ ಶೈಲಿಯ ಹೊಸ ಸ್ಕೋಪ್‌ಗಳು ಈಗಲೂ ಸಿಗುತ್ತವೆ. ಸಾದಾ ಕಚ್ಚು, ಕಡ್ಡಿ ಕೂರುವ ಹಳೆ ಗಾಡಿಯಲ್ಲೇ ಅವುಗಳನ್ನು ಕೂರಿಸಬಹುದು.

ನಂಬಿಕೆ 4: ಗೆರೆ ಎಲ್ಲಿದೆಯೋ ಗುಂಡು ಅಲ್ಲಿಗೇ

ಕಣ್ಣಿನ ರೇಖೆ ನೇರ, ಗುಂಡಿನ ದಾರಿ ಬಾಗು. ಸರಾಸರಿ ಸೆಕೆಂಡಿಗೆ 800 ಮೀಟರ್ ವೇಗದ ಗುಂಡು 100 ಮೀಟರ್ ದಾಟಲು 0.125 ಸೆಕೆಂಡ್ ಬೇಕು. ಅಷ್ಟರಲ್ಲೇ ಗುರುತ್ವದಿಂದ ಅದು ಸುಮಾರು 8 ಸೆಂ.ಮೀ. ಕೆಳಗಿಳಿಯುತ್ತದೆ. ಗಾಳಿಯ ತಡೆಯಿಂದ ವೇಗ ಕುಗ್ಗಿ 200 ಮೀಟರ್‌ವರೆಗಿನ ಸರಾಸರಿ 750ಕ್ಕೆ ಇಳಿಯಿತು ಎಂದುಕೊಳ್ಳಿ. ಆಗ ಇಳಿತ ಸುಮಾರು 35 ಸೆಂ.ಮೀ. ಸ್ಕೋಪ್ ಬೇರೆ ನಳಿಕೆಗಿಂತ ಸುಮಾರು 4 ಸೆಂ.ಮೀ. ಮೇಲಿರುತ್ತದೆ.

ಎರಡೂ ರೇಖೆಗಳು ಗೊತ್ತಾದ ದೂರದಲ್ಲಿ ಕೂಡುವಂತೆ ಮಾಡುವುದಕ್ಕೆ ಝೀರೋ ಮಾಡುವುದು ಎನ್ನುತ್ತಾರೆ. ಮೇಲಿನ ಲೆಕ್ಕದಲ್ಲಿ 100 ಮೀಟರ್‌ಗೆ ಝೀರೋ ಮಾಡಿದ ರೈಫಲ್‌ನ ಗುಂಡು 25 ಮೀಟರ್‌ನಲ್ಲಿ ಒಂದೂವರೆ ಸೆಂ.ಮೀ.ನಷ್ಟು ಕೆಳಗೆ, 200 ಮೀಟರ್‌ನಲ್ಲಿ ಸುಮಾರು 15 ಸೆಂ.ಮೀ. ಕೆಳಗೆ ಬೀಳುತ್ತದೆ. ಗೆರೆ ಮಾತ್ರ ಎಲ್ಲ ಕಡೆಯೂ ಗುರಿಯ ನಡುವೆಯೇ ಇರುತ್ತದೆ!

ಝೀರೋ ಮಾಡುವಾಗ ಲಿವರ್ ರೈಫಲ್‌ಗೆ ಒಂದು ಅನುಕೂಲವಿದೆ. ಖಾಲಿ ಎಂದು ಖಚಿತ ಮಾಡಿಕೊಂಡು ಲಿವರ್ ಇಳಿಸಿದರೆ ಹಿಂದಿನಿಂದಲೇ ನಳಿಕೆಯೊಳಗೆ ಇಣುಕಿ ಗುರಿ ನೋಡಬಹುದು. ನಳಿಕೆ ಎತ್ತ ನೋಡುತ್ತಿದೆಯೋ ಸ್ಕೋಪ್‌ನ ಗೆರೆಯನ್ನು ಸುಮಾರಾಗಿ ಅತ್ತ ತಂದು, ಆಮೇಲೆ ಶೂಟಿಂಗ್ ರೇಂಜ್‌ನಲ್ಲಿ 25 ಮೀಟರ್‌ನಿಂದ ಶುರು ಮಾಡಿ 100 ಮೀಟರ್‌ಗೆ ಹೋಗುತ್ತಾರೆ. ತೋಟಾದ ತಳಿ ಬದಲಾದರೆ ಈ ಕೆಲಸ ಮತ್ತೆ ಮೊದಲಿನಿಂದ.

ಕಣ್ಣಿಗೆ ಏಟು, ಜನರಿಗೆ ಅಪಾಯ

ರೈಫಲ್ ಹಿಂದಕ್ಕೆ ಒದೆಯುವಾಗ ಹತ್ತಿರವಿಟ್ಟ ಕಣ್ಣಿನ ಹುಬ್ಬಿಗೆ ಸ್ಕೋಪ್‌ನ ಅಂಚು ಬಡಿದು ಸೀಳುತ್ತದೆ. ಹಗುರ ರೈಫಲ್, ಜೋರು ತೋಟಾ, ಮಲಗಿ ಅಥವಾ ಏರುಮುಖವಾಗಿ ಹೊಡೆಯುವುದು, ಇವೆಲ್ಲ ಸೇರಿದರೆ ಅಪಾಯ ಹೆಚ್ಚು. ಕಣ್ಣಿನ ಅಂತರ ಸರಿ ಇಡುವುದು ಚಂದಕ್ಕಲ್ಲ, ಕಣ್ಣು ಉಳಿಸಿಕೊಳ್ಳುವುದಕ್ಕೆ.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಅಲ್ಲಿ ಅಲ್ಲಾಡಿದ್ದು ಏನು ಎಂದು ಸ್ಕೋಪ್‌ನಲ್ಲಿ ನೋಡುವುದು. ಸ್ಕೋಪ್ ತಿರುಗಿದ ಕಡೆಗೆ ನಳಿಕೆಯೂ ತಿರುಗುತ್ತದೆ. ಅಲ್ಲಿರುವುದು ಮನುಷ್ಯರಾದರೆ ನೀವು ಅವರತ್ತ ಬಂದೂಕು ಹಿಡಿದಿದ್ದೀರಿ. ನೋಡುವುದಕ್ಕೆ ಕೈ ದುರ್ಬೀನು ಇದೆ.

ನಮ್ಮಲ್ಲಿ ಗಮನಿಸಬೇಕಾದ್ದು

ಭಾರತದಲ್ಲಿ ಬಂದೂಕು ಇಡಲು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಬೇಕು. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಆದರೆ ಅದು ಬೇಟೆಗೆ ಅನುಮತಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಎಲ್ಲರಿಗೂ ಒಂದೇ.

ಏರ್‌ಗನ್ ಕಲಿಯುವವರಿಗೂ ಒಂದು ಕಿವಿಮಾತು. ಸ್ಪ್ರಿಂಗ್ ಏರ್‌ಗನ್ ಮೊದಲು ಹಿಂದಕ್ಕೆ, ತಕ್ಷಣ ಮುಂದಕ್ಕೆ ಜರ್ಕ್ ಹೊಡೆಯುತ್ತದೆ. ಹಿಂದಿನ ಒದೆತಕ್ಕೆ ಮಾತ್ರ ತಯಾರಾದ ಸ್ಕೋಪ್ ದೊಡ್ಡ ರೈಫಲ್ ಮೇಲೆ ಬಾಳಿದರೂ ಇದರ ಮೇಲೆ ಹಾಳಾಗಬಹುದು. ಏರ್‌ಗನ್‌ಗೆಂದೇ ಮಾಡಿದ್ದನ್ನು ಕೇಳಿ ಕೊಳ್ಳಿ.

ಕೊನೆಯ ಮಾತು

ಸ್ಕೋಪ್ ಒಂದು ಕನ್ನಡಕವಿದ್ದಂತೆ. ಕನ್ನಡಕ ಹಾಕಿದವರಿಗೆ ಅಕ್ಷರ ಚೆನ್ನಾಗಿ ಕಾಣುತ್ತದೆ, ಓದು ತಾನಾಗಿ ಬರುವುದಿಲ್ಲ. ಕೈ ಸ್ಥಿರವಾಗಿರುವುದು, ದೂರ ಅಂದಾಜು ಮಾಡುವುದು, ಗುರಿಯ ಹಿಂದೆ ಏನಿದೆ ಎಂದು ನೋಡುವುದು, ಸಂಶಯ ಬಂದರೆ ಟ್ರಿಗರ್‌ನಿಂದ ಬೆರಳು ತೆಗೆಯುವುದು, ಇವೆಲ್ಲ ಹಿಡಿದವರ ಕೆಲಸ. ಸ್ಕೋಪ್ ಹಾಕಿದರೆ ಗುರಿ ತಪ್ಪುವುದೇ ಇಲ್ಲ ಎಂಬ ವಿಡಿಯೊ ನಿಮ್ಮ ಗ್ರೂಪಿಗೆ ಬಂದರೆ ಮುಂದಕ್ಕೆ ಕಳಿಸುವ ಮುನ್ನ ಹೆಬ್ಬೆರಳು ಮತ್ತು ಕರೆಂಟ್ ಕಂಬದ ಪ್ರಯೋಗವನ್ನು ಅವರಿಗೂ ಹೇಳಿಕೊಡಿ.