ಅಂಗಳವಿಲ್ಲದ ತಂಡ



ಸಾಯಂಕಾಲದ ಹೊತ್ತು ಜಯನಗರದ ಶಾಲಿನಿ ಮೈದಾನದ ಕಡೆಗೆ ತಿರುಗಾಡಲು ಹೋದವರು ಅಲ್ಲಿ ಹುಡುಗರು ಕಾಲ್ಚೆಂಡಿನಾಟದಲ್ಲಿ ಮೈಮರೆತಿರುವುದನ್ನು ಕಂಡಿರಬಹುದು. ಅವರಲ್ಲಿ ಕೆಲವರು ತೊಟ್ಟ ಅಂಗಿಗಳ ಮೇಲೆ ಲಂಡನ್ನು, ಮ್ಯಾಂಚೆಸ್ಟರು, ಲಿವರ್‌ಪೂಲುಗಳ ತಂಡಗಳ ಲಾಂಛನಗಳಿರುತ್ತವೆ. ಆ ತಂಡಗಳು ಯಾವ ವರ್ಷ ಯಾವ ಕಪ್ಪನ್ನು ಗೆದ್ದವೆಂಬುದನ್ನು ಈ ಹುಡುಗರು ನಮ್ಮ ಅರಸರ ವಂಶಾವಳಿಗಿಂತಲೂ ಚೆನ್ನಾಗಿ ಬಲ್ಲರು. ಚರಿತ್ರೆಯ ಉಪಾಧ್ಯಾಯರಾದ ನಾವು ಇದಕ್ಕಾಗಿ ಅವರನ್ನು ಆಕ್ಷೇಪಿಸುವುದಿಲ್ಲ. ಇದೂ ಒಂದು ಬಗೆಯ ಚರಿತ್ರೆಯೇ. ಆದರೆ ಇಂಗ್ಲೆಂಡಿನ ಎಫ್. ಎ. ಕಪ್ಪನ್ನು ಮೊತ್ತಮೊದಲು ಗೆದ್ದವರು ಯಾರೆಂದು ಕೇಳಿದರೆ ಅವರಲ್ಲಿ ಬಹುಮಂದಿ ಸುಮ್ಮನಾಗುತ್ತಾರೆ. ಆ ತಂಡದ ಅಂಗಿ ಇಂದು ಯಾವ ಅಂಗಡಿಯಲ್ಲಿಯೂ ಸುಲಭವಾಗಿ ಸಿಕ್ಕದು. ವಿಕ್ಟೋರಿಯಾ ರಾಣಿಯವರ ಆಳ್ವಿಕೆಯಲ್ಲಿ ಹುಟ್ಟಿ, ಅದೇ ಆಳ್ವಿಕೆ ಮುಗಿಯುವುದರೊಳಗೆ ಅದು ಕಣ್ಮರೆಯಾಯಿತು. ಅದರ ಹೆಸರು ವಾಂಡರರ್ಸ್, ಎಂದರೆ ಅಲೆಮಾರಿಗಳು.

1859ರಲ್ಲಿ ಹ್ಯಾರೋ ಎಂಬ ಪ್ರಸಿದ್ಧ ಶಾಲೆಯಲ್ಲಿ ಓದಿ ಬಂದ ಕೆಲವು ತರುಣರು ಲಂಡನ್ನಿನ ಪೂರ್ವಕ್ಕೆ, ಎಪ್ಪಿಂಗ್ ಕಾಡಿನ ಅಂಚಿನಲ್ಲಿ, ಒಂದು ಸಂಘವನ್ನು ಕಟ್ಟಿಕೊಂಡರು. ಕಾಡಿನ ಬಳಿ ಆಡುತ್ತಿದ್ದುದರಿಂದ ಅದಕ್ಕೆ ಫಾರೆಸ್ಟ್ ಎಂದೇ ಹೆಸರಾಯಿತು. 1863ರಲ್ಲಿ ಕಾಲ್ಚೆಂಡಿನಾಟಕ್ಕೆ ಏಕರೂಪವಾದ ನಿಯಮಗಳನ್ನು ಮಾಡಲು ಸೇರಿದ ಸಭೆಯಲ್ಲಿ ಈ ಸಂಘದವರೂ ಇದ್ದರು. ಮರುವರ್ಷ ಅವರು ಕಾಡನ್ನು ಬಿಟ್ಟರು. ಸ್ವಂತ ಮೈದಾನವಿಲ್ಲದೆ ಇಂದು ಬ್ಯಾಟರ್‌ಸೀ ಉದ್ಯಾನ, ನಾಳೆ ಕೆನಿಂಗ್ಟನ್ ಓವಲ್ ಎಂದು ತಿರುಗಲಾರಂಭಿಸಿದರು. ಹೆಸರೂ ಅದಕ್ಕೆ ತಕ್ಕಂತೆ ಬದಲಾಯಿತು.

ಈ ತಂಡದ ಜೀವಾಳವೆನ್ನಬಹುದಾದವನು ಚಾರ್ಲ್ಸ್ ಆಲ್ಕಾಕ್. ಇವನು 1870ರಿಂದ 1895ರ ವರೆಗೆ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ನಿನ ಕಾರ್ಯದರ್ಶಿಯಾಗಿದ್ದನು. ಹ್ಯಾರೋ ಶಾಲೆಯಲ್ಲಿ ಒಂದೊಂದು ವಿದ್ಯಾರ್ಥಿನಿಲಯದವರೂ ಒಬ್ಬರೊಡನೊಬ್ಬರು ಆಡಿ, ಸೋತವರು ಹೊರಬಿದ್ದು, ಉಳಿದವರು ಮುಂದೆ ಹೋಗುವ ಪದ್ಧತಿಯಿತ್ತು. ಅದನ್ನೇ ದೇಶದ ಸಂಘಗಳೆಲ್ಲಕ್ಕೂ ಅನ್ವಯಿಸಿದರೆ ಹೇಗೆಂದು ಅವನು 1871ರ ಜುಲೈ 20ರಂದು ಸೂಚಿಸಿದನು. ಮೊದಲ ವರ್ಷ 15 ಸಂಘಗಳು ಹೆಸರು ಕೊಟ್ಟವು.

ಅಂತಿಮ ಪಂದ್ಯವು 1872ರ ಮಾರ್ಚ್ 16ರಂದು ಓವಲ್ ಮೈದಾನದಲ್ಲಿ ಸುಮಾರು ಎರಡು ಸಾವಿರ ಜನರ ಮುಂದೆ ನಡೆಯಿತು. ಎದುರಾಳಿಗಳು ರಾಯಲ್ ಎಂಜಿನಿಯರ್ಸ್ ಎಂಬ ಸೈನ್ಯವಿಭಾಗದ ಅಧಿಕಾರಿಗಳು. ಇವರು ಬೆಂಗಳೂರಿಗೆ ತೀರ ಅಪರಿಚಿತರಲ್ಲ. ಸ್ಯಾಂಕಿ ಕೆರೆಗೆ ಹೆಸರು ಕೊಟ್ಟ ರಿಚರ್ಡ್ ಸ್ಯಾಂಕಿಯವರು ಸೇರಿದ್ದ ಮದರಾಸು ಎಂಜಿನಿಯರುಗಳ ದಳವು 1862ರಲ್ಲಿ ಇದೇ ವಿಭಾಗದಲ್ಲಿ ವಿಲೀನವಾಯಿತು. ಚೆಂಡನ್ನು ಒಬ್ಬರಿಂದೊಬ್ಬರಿಗೆ ದಾಟಿಸಿ ಕೂಡಿ ಆಡುವ ಕ್ರಮಕ್ಕೆ ಇವರು ಹೆಸರಾದವರು. ಗೆಲುವು ಇವರದೇ ಎಂದು ಜನ ನಂಬಿದ್ದರು. ಆದರೆ ಆಟ ತೊಡಗಿದ ಸ್ವಲ್ಪ ಹೊತ್ತಿಗೇ ಕ್ರೆಸ್‌ವೆಲ್ ಎಂಬ ಅವರ ಆಟಗಾರನ ಕೊರಳೆಲುಬು ಮುರಿಯಿತು. ಬದಲಿ ಆಟಗಾರರನ್ನು ಇಳಿಸುವ ಪದ್ಧತಿ ಆಗ ಇರಲಿಲ್ಲ. ಆತನು ನೋವಿನಲ್ಲೇ ಕಡೆಯವರೆಗೂ ಅಂಗಳದಲ್ಲಿ ನಿಂತನು. ವಾಂಡರರ್ಸ್ ತಂಡವು ಒಂದು ಗೋಲಿನಿಂದ ಗೆದ್ದಿತು. ಆ ಗೋಲನ್ನು ಹೊಡೆದ ಬೆಟ್ಸ್ ಎಂಬಾತನು ಎ. ಎಚ್. ಚೆಕರ್ ಎಂಬ ಕಲ್ಪಿತನಾಮದಿಂದ ಆಡಿದ್ದನು. ವಿನೋದಕ್ಕಾಗಿ ಆಡುವವರ ಕಾಲವದು.

ಮರುವರ್ಷದ ಕತೆ ಇನ್ನೂ ಸೊಗಸಾಗಿದೆ. ಹಿಂದಿನ ವರ್ಷ ಗೆದ್ದವರು ನೇರವಾಗಿ ಅಂತಿಮ ಪಂದ್ಯಕ್ಕೇ ಬರುವುದೆಂದೂ, ಮೈದಾನದ ಆಯ್ಕೆ ಅವರದೆಂದೂ ನಿಯಮವಿತ್ತು. ಮೈದಾನವೇ ಇಲ್ಲದವರು ಯಾವುದನ್ನು ಆಯ್ದಾರು? ಲಿಲ್ಲಿ ಬ್ರಿಜ್ ಎಂಬ ಬಯಲನ್ನು ಗೊತ್ತುಮಾಡಿದರು. ಅದೇ ದಿನ ಆಕ್ಸ್‌ಫರ್ಡ್ ಕೇಂಬ್ರಿಜ್ ವಿದ್ಯಾರ್ಥಿಗಳ ದೋಣಿಯ ಪಂದ್ಯವಿದ್ದುದರಿಂದ, ಜನ ಎರಡನ್ನೂ ನೋಡಲೆಂದು ಆಟವನ್ನು ಬೆಳಗ್ಗೆಯೇ ಮುಗಿಸಿದರು. ಕಪ್ ಮತ್ತೆ ವಾಂಡರರ್ಸ್ ತಂಡದ್ದಾಯಿತು. ಆಮೇಲೆ 1876, 1877, 1878ರಲ್ಲಿ ಬಿಡದೆ ಮೂರು ಸಲ ಗೆದ್ದರು. ಹಾಗೆ ಗೆದ್ದವರು ಕಪ್ಪನ್ನು ಶಾಶ್ವತವಾಗಿ ಇಟ್ಟುಕೊಳ್ಳಬಹುದಾಗಿತ್ತು. ಅವರು ಅದನ್ನು ಹಿಂದಿರುಗಿಸಿದರು. ಮುಂದೆ ಯಾರೂ ಅದನ್ನು ಹೀಗೆ ಸ್ವಂತಕ್ಕೆ ಪಡೆಯಕೂಡದೆಂಬುದೊಂದೇ ಅವರ ಕೋರಿಕೆಯಾಗಿತ್ತು.

ಇಷ್ಟು ಉದಾರವಾಗಿ, ಇಷ್ಟು ಎತ್ತರದಲ್ಲಿದ್ದ ತಂಡ ಮರುವರ್ಷವೇ ಮೊದಲನೆಯ ಸುತ್ತಿನಲ್ಲಿ ಓಲ್ಡ್ ಈಟೋನಿಯನ್ಸರಿಗೆ ಏಳು ಗೋಲುಗಳಿಗೆ ಎರಡರಂತೆ ಸೋತಿತು. 1880ರಲ್ಲಿ ಅವರೇ ಮತ್ತೆ ಸೋಲಿಸಿದರು. ಅದರ ಮುಂದಿನ ಋತುವಿನಲ್ಲಿ ಹನ್ನೊಂದು ಜನರನ್ನು ಕೂಡಿಸುವುದೇ ಸಾಧ್ಯವಾಗದೆ ವಾಂಡರರ್ಸ್ ಸ್ಪರ್ಧೆಯಿಂದ ಹಿಂದೆ ಸರಿಯಿತು. ಬಳಿಕ ಕೆಲವು ವರ್ಷ ಹ್ಯಾರೋ ಶಾಲೆಯ ಹುಡುಗರೊಡನೆ ವರ್ಷಕ್ಕೊಮ್ಮೆ ಆಡುವುದಷ್ಟೇ ಉಳಿಯಿತು. ಕಡೆಗೆ ಅದೂ ನಿಂತಿತು.

ಈ ಅವನತಿಗೆ ಕಾರಣವೇನು? ಆಟದ ಕೌಶಲ ಒಂದೇ ವರ್ಷದಲ್ಲಿ ಬತ್ತಿಹೋಗಲಿಲ್ಲ. ಈ ತಂಡದ ಆಟಗಾರರು ಹಲವು ಶಾಲೆಗಳಿಂದ ಬಂದವರು. ಆ ಶಾಲೆಗಳ ಹಳೆಯ ವಿದ್ಯಾರ್ಥಿಗಳು ತಮ್ಮತಮ್ಮದೇ ತಂಡಗಳನ್ನು ಕಟ್ಟಿಕೊಂಡಾಗ ಒಬ್ಬೊಬ್ಬರೂ ತಮ್ಮ ಮನೆಗೆ ಹೋದರು. ಕಿನೇರ್ಡ್ ಎಂಬ ಹೆಸರಾಂತ ಆಟಗಾರನು 1878ರಲ್ಲಿ ವಾಂಡರರ್ಸ್ ತಂಡದಲ್ಲಿ ಕಪ್ ಗೆದ್ದು, 1879ರಲ್ಲಿ ಓಲ್ಡ್ ಈಟೋನಿಯನ್ಸರಲ್ಲಿ ಸೇರಿ ಗೆದ್ದನು. ತಂಡಕ್ಕೆ ಊರಿರಲಿಲ್ಲ, ಕೇರಿಯಿರಲಿಲ್ಲ. ಸೋತಾಗ ಮರುಗುವವರೂ, ಮುಂದೆ ಆಡಲು ಹುಡುಗರನ್ನು ಕಳುಹಿಸುವವರೂ ಇರಲಿಲ್ಲ. ಇತ್ತ ಉತ್ತರದ ಗಿರಣಿಯ ಊರುಗಳಲ್ಲಿ ಬೇರೆಯ ಬಗೆಯ ತಂಡಗಳು ಬೆಳೆಯುತ್ತಿದ್ದವು. 1883ರಲ್ಲಿ ಬ್ಲಾಕ್‌ಬರ್ನ್ ಒಲಿಂಪಿಕ್ ಎಂಬ ಕಾರ್ಮಿಕರ ತಂಡ ಕಪ್ಪನ್ನು ಉತ್ತರಕ್ಕೆ ಕೊಂಡೊಯ್ದಿತು. 1885ರಲ್ಲಿ ಆಟಗಾರರಿಗೆ ಹಣ ಕೊಡುವುದೂ ಸಕ್ರಮವಾಯಿತು. ಆಲ್ಕಾಕನು ನೆಟ್ಟ ಕಪ್ ಮರವಾಗಿ ಇಂದಿಗೂ ನಿಂತಿದೆ; ಅವನ ತಂಡ ಮಾತ್ರ ಉಳಿಯಲಿಲ್ಲ.

ಇದು ದೂರದ ದೇಶದ ಹಳೆಯ ಮಾತು, ನಮಗೇಕೆ ಎನ್ನಬಹುದು. ನಮ್ಮ ಊರಿನಲ್ಲಿಯೇ ಇದಕ್ಕೆ ಹತ್ತಿರದ ಒಂದು ಕತೆಯುಂಟು. ಬೆಂಗಳೂರು ಬಹುಕಾಲ ಎರಡು ಊರಾಗಿತ್ತು. ಪಶ್ಚಿಮಕ್ಕೆ ಪೇಟೆ, ಪೂರ್ವಕ್ಕೆ 1809ರಲ್ಲಿ ನೆಲೆಯೂರಿದ ದಂಡು. ಎರಡರ ಪುರಸಭೆಗಳೂ ಒಂದಾದುದು 1949ರಲ್ಲಿ. ಕಾಲ್ಚೆಂಡಿನಾಟವು ಸೋಲ್ಜರುಗಳೊಡನೆ ದಂಡಿಗೆ ಬಂದು, ಹಲಸೂರು, ಆಸ್ಟಿನ್ ಟೌನು, ಗೌತಮಪುರಗಳ ಬೀದಿಗಳಲ್ಲಿ ಬೇರುಬಿಟ್ಟಿತು. ಹೀಗೆ ಬೆಳೆದ ಬೆಂಗಳೂರು ಮುಸ್ಲಿಮ್ಸ್ ತಂಡವು 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ಪನ್ನು ಗೆದ್ದಿತು. 1891ರಲ್ಲಿ ಆರಂಭವಾದಂದಿನಿಂದ ಬ್ರಿಟಿಷ್ ಸೈನಿಕರ ತಂಡಗಳೇ ಒಯ್ಯುತ್ತಿದ್ದ ಕಪ್ ಅದು. ಅಂತಿಮ ಪಂದ್ಯದಲ್ಲಿ ಸೋತವರು ಕಲ್ಕತ್ತೆಯ ಮಹಮ್ಮಡನ್ ಸ್ಪೋರ್ಟಿಂಗಿನವರು. 1938ರಲ್ಲಿ ಸ್ಕಾಟ್ಲೆಂಡಿನ ಸೈನಿಕರನ್ನೂ, 1948ರಲ್ಲಿ ಮೋಹನ ಬಾಗಾನನ್ನೂ ಸೋಲಿಸಿ ಮತ್ತೆ ಎರಡು ಸಲ ಗೆದ್ದರು. ಅದೇ 1948ರಲ್ಲಿ ಲಂಡನ್ನಿನ ಒಲಿಂಪಿಕ್ ಕೂಟದಲ್ಲಿ ಫ್ರಾನ್ಸಿನ ಮೇಲೆ ಭಾರತದ ಏಕಮಾತ್ರ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಮೈಸೂರಿನ ಪರವಾಗಿ ಆಡುತ್ತಿದ್ದವರು.

ಆದರೆ 1948ರ ತರುವಾಯ ರೋವರ್ಸ್ ಕಪ್ ಆ ತಂಡಕ್ಕೆ ಒಲಿಯಲಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಅಹಮದ್ ಖಾನರು 1949ರಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲಿಗೆ ಹೋಗಿ, ಅಲ್ಲಿ ಪಂಚಪಾಂಡವರೆಂದು ಕೀರ್ತಿಪಡೆದ ಐವರಲ್ಲಿ ಒಬ್ಬರಾದರು. ಕಲ್ಕತ್ತೆಯಲ್ಲಿ ತಂಡಗಳನ್ನು ಹೊತ್ತು ಮೆರೆಸುವ ಜನಸಾಗರವಿತ್ತು. ಹೋದ ಆಟಗಾರರನ್ನು ನಾವು ದೂರಲಾಗದು. ನೀರು ತಗ್ಗಿನ ಕಡೆಗೆ ಹರಿಯುತ್ತದೆ.

ಅದೇ 1948ರಲ್ಲಿಯೇ ಶ್ರೀ ರಾಜಗೋಪಾಲಾಚಾರ್ಯರು ಜಯನಗರಕ್ಕೆ ಅಡಿಪಾಯ ಹಾಕಿದರು. ಅಶೋಕಸ್ತಂಭ ಅದರ ಗುರುತಾಗಿ ನಿಂತಿದೆ. ಆ ಬಳಿಕ ಊರು ತೆಂಕಣಕ್ಕೆ ಬನಶಂಕರಿಯನ್ನೂ ಜೆ. ಪಿ. ನಗರವನ್ನೂ ದಾಟಿ ಹಬ್ಬಿತು. ಇಲ್ಲಿ ಹಣಕ್ಕೆ ಕೊರತೆಯಿಲ್ಲ, ಉತ್ಸಾಹಕ್ಕೂ ಕೊರತೆಯಿಲ್ಲ. ನಾಲ್ಕು ಜನ ಸೇರಿ ಒಂದು ವಾರದಲ್ಲಿ ತಂಡ ಕಟ್ಟಬಲ್ಲರು. ಆದರೆ ಆಡುವ ಬಯಲನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಪಡೆಯುವ ತಂಡವೂ ಒಂದು ಬಗೆಯಲ್ಲಿ ವಾಂಡರರ್ಸೇ ಅಲ್ಲವೇ? ಐದು ಕಪ್ ಗೆದ್ದವರನ್ನೂ ಕಪ್ ಉಳಿಸಲಿಲ್ಲ. ತಂಡವನ್ನು ಉಳಿಸುವುದು ಕಾಲೂರಲು ಒಂದಿಷ್ಟು ನೆಲ, ಸೋತ ದಿನವೂ ನೋಡಲು ಬರುವ ನೆರೆಯವರು, ಬೇಲಿಯ ಹೊರಗೆ ನಿಂತು ತನ್ನ ಸರದಿಗಾಗಿ ಕಾಯುವ ಚಿಕ್ಕ ಹುಡುಗ.

ಆದುದರಿಂದ ನಿಮ್ಮ ಬಡಾವಣೆಯಲ್ಲಿ ಒಂದು ಆಟದ ಬಯಲು ಖಾಲಿಯಿದೆಯೆಂದೂ ಅದರಲ್ಲಿ ಏನಾದರೂ ಕಟ್ಟಬಹುದೆಂದೂ ಯಾರಾದರೂ ಸೂಚಿಸಿದಾಗ, ಅಂಗಳವಿಲ್ಲದ ಈ ತಂಡದ ಕತೆಯನ್ನು ಒಮ್ಮೆ ನೆನೆಯಬೇಕೆಂದು ಬೇಡಿ ನಮ್ಮ ಮಾತನ್ನು ಮುಗಿಸುತ್ತೇವೆ.